ಕಿಟ್ಟೆಲ್ ಹುಟ್ಟಿದ ರೆಸ್ಟರ್‌ಹಾಫೆ ಯಾವ ಜಿಲ್ಲೆಯಲ್ಲಿತ್ತು? ರದ್ದಾದ ಔರಿಶ್ ಆಡಳಿತ ವಿಭಾಗದ ಚರಿತ್ರೆ ಮತ್ತು ದಾಖಲೆ ಹುಡುಕುವ ದಾರಿ

ಪದಪಂಕ್ತಿ:
ಕನ್ನಡ ನಿಘಂಟಿನ ಕಿಟ್ಟೆಲ್ ಬಗ್ಗೆ ಚಿಕ್ಕ ಪುಸ್ತಿಕೆಯೊಂದಕ್ಕೆ ಅಡಿಟಿಪ್ಪಣಿ ಬರೆಯಬೇಕಿದೆ. ಹುಟ್ಟಿದ್ದು 1832ರ ಏಪ್ರಿಲ್ 7, ಊರು ರೆಸ್ಟರ್‌ಹಾಫೆ. ಇಷ್ಟಕ್ಕೆ ಯಾರ ತಕರಾರೂ ಇಲ್ಲ. ಆಮೇಲಿನದ್ದೇ ಗೋಜಲು. ಒಂದು ಕಡೆ ‘ಪ್ರಷ್ಯಾದ ಔರಿಶ್ ವಿಭಾಗ’ ಅಂತಿದೆ, ಇನ್ನೊಂದು ಕಡೆ ‘ಹ್ಯಾನೋವರ್ ಪ್ರಾಂತ್ಯ’, ಮತ್ತೊಂದು ಕಡೆ ‘ಲೋವರ್ ಸ್ಯಾಕ್ಸನಿಯ ನೋರ್ಡೆನ್ ಜಿಲ್ಲೆ’. ಈ ಔರಿಶ್ ಅನ್ನೋದು ಯಾವಾಗ ಏನಾಗಿತ್ತು, ಯಾವ ಮಟ್ಟದ ಆಡಳಿತ, ಯಾವಾಗ ರದ್ದಾಯಿತು? ಮೂಲ ದಾಖಲೆ ನೋಡಬೇಕಾದರೆ ಎಲ್ಲಿಂದ ಶುರು ಮಾಡಬೇಕು? ಬಲ್ಲವರು ವರ್ಷ ಸಮೇತ ಹೇಳಿದರೆ ಉಪಕಾರ.

ನಕ್ಷೆಗಾರ:
1832ಕ್ಕೆ ಆ ಮೂರೂ ಹೊಂದುವುದಿಲ್ಲ ಸರ್. ಆ ವರ್ಷದ ಉತ್ತರ: ಹ್ಯಾನೋವರ್ ರಾಜ್ಯ, ಔರಿಶ್ ಲಾಂಡ್‌ಡ್ರೋಸ್ಟೈ (ಆ ರಾಜ್ಯದ ಒಂದು ಆಡಳಿತ ವಿಭಾಗ). ರಾಜ್ಯ ಅಂದರೆ ರಾಜನಿದ್ದ ರಾಜ್ಯ. ಪ್ರಾಂತ್ಯವಾಗಿದ್ದು 34 ವರ್ಷ ಕಳೆದ ಮೇಲೆ.

ಮೊದಲು ನೆಲದ ಪರಿಚಯ. ಜರ್ಮನಿಯ ವಾಯವ್ಯ ಮೂಲೆ, ಡಚ್ ಗಡಿಗೆ ತಾಗಿದ ಓಸ್ಟ್‌ಫ್ರೀಸ್‌ಲಾಂಡ್. ಮೇಲೆ ಉತ್ತರ ಸಮುದ್ರ, ಪಶ್ಚಿಮಕ್ಕೆ ಎಮ್ಸ್ ನದಿಯ ಅಳಿವೆ. ದಂಡೆಯುದ್ದಕ್ಕೂ ಮಣ್ಣಿನ ಒಡ್ಡು, ಒಳಗೆ ಜೌಗು. ಇಡೀ ವಿಭಾಗ ಸುಮಾರು 3,100 ಚದರ ಕಿ.ಮೀ., ನಮ್ಮ ಕೊಡಗಿಗಿಂತ ಚಿಕ್ಕದು. ಇಷ್ಟು ಪುಟ್ಟ ಜಾಗ 1744ರಿಂದ 1866ರೊಳಗೆ ಕೈ ಬದಲಿಸಿದ ಲೆಕ್ಕ ನೋಡಿ.

ಸಿರ್ಕ್‌ಸೇನಾ ಮನೆತನ ಇಲ್ಲಿ 1464ರಿಂದ ಕೌಂಟ್ ಪದವಿಯಲ್ಲಿ, 1654ರಿಂದ ರಾಜಕುಮಾರ ಪದವಿಯಲ್ಲಿ ಆಳಿತು. ಕೊನೆಯವನು ಕಾರ್ಲ್ ಎಡ್ಜಾರ್ಡ್. 1744ರ ಮೇ 25ರಂದು ಮಕ್ಕಳಿಲ್ಲದೆ ಸತ್ತ. ಪ್ರಷ್ಯಾದ ಅರಸು ಮನೆತನದ ಕೈಯಲ್ಲಿ 1694ರಲ್ಲೇ ಪವಿತ್ರ ರೋಮನ್ ಚಕ್ರವರ್ತಿಯಿಂದ ಪಡೆದ ಉತ್ತರಾಧಿಕಾರದ ಪತ್ರವಿತ್ತು. ಎಮ್ಡೆನ್ ಪಟ್ಟಣದ ಜೊತೆ ಮಾರ್ಚ್ ತಿಂಗಳಲ್ಲೇ ಒಪ್ಪಂದವೂ ಆಗಿತ್ತು. ಹಾಗಾಗಿ ಪ್ರಷ್ಯಾದ ರಾಜ ಎರಡನೆಯ ಫ್ರೆಡರಿಕ್ ಯುದ್ಧವಿಲ್ಲದೆ ಒಳಬಂದ. ಔರಿಶ್‌ನಲ್ಲಿ ‘ಯುದ್ಧ ಮತ್ತು ಅರಸು ಜಮೀನು’ಗಳ ಕಚೇರಿ ಕೂತಿತು. ಕಂದಾಯ, ಒಡ್ಡು, ಜೌಗು ಭೂಮಿ ಹಂಚಿಕೆ ಎಲ್ಲ ಅದರ ಸುಪರ್ದಿ.

ನೆಪೋಲಿಯನ್ ಯುದ್ಧದಲ್ಲಿ ಪ್ರಷ್ಯಾ ಸೋತ ಮೇಲೆ ಇದು ಹಾಲೆಂಡ್ ರಾಜ್ಯಕ್ಕೆ ಹೋಯಿತು. 1810ರಲ್ಲಿ ಹಾಲೆಂಡನ್ನೇ ಫ್ರಾನ್ಸ್ ನುಂಗಿತು. ಆಗ ಇದು ಎಮ್ಸ್-ಒರಿಯಾಂತಾಲ್, ಅಂದರೆ ‘ಪೂರ್ವ ಎಮ್ಸ್’ ಎಂಬ ಫ್ರೆಂಚ್ ದೆಪಾರ್ತ್‌ಮಾಂ. ಕೇಂದ್ರ ಔರಿಶ್ಶೇ. 1813ರಲ್ಲಿ ಮತ್ತೆ ಪ್ರಷ್ಯಾ. 1815ರಲ್ಲಿ, ವಿಯೆನ್ನಾ ಸಮಾವೇಶದ ಕೊಡುಕೊಳುವಿಕೆಯಲ್ಲಿ, ಹ್ಯಾನೋವರ್‌ಗೆ. ಹ್ಯಾನೋವರ್ ಸರ್ಕಾರ 1823ರಲ್ಲಿ ತನ್ನ ರಾಜ್ಯವನ್ನು ಆರು ಲಾಂಡ್‌ಡ್ರೋಸ್ಟೈಗಳಾಗಿ ಕಟ್ಟಿತು: ಹ್ಯಾನೋವರ್, ಹಿಲ್ಡೆಸ್‌ಹೈಮ್, ಲ್ಯೂನೆಬುರ್ಗ್, ಸ್ಟಾಡೆ, ಓಸ್ನಾಬ್ರ್ಯುಕ್, ಔರಿಶ್. ಹಾರ್ಟ್ಸ್ ಬೆಟ್ಟದ ಗಣಿ ಸೀಮೆ ಮಾತ್ರ ಕ್ಲೌಸ್ಟಾಲ್‌ನ ಕೈಕೆಳಗೆ ಪ್ರತ್ಯೇಕ. ನಿಮ್ಮ 1832 ಬೀಳುವುದು ಈ ಅವಧಿಯಲ್ಲಿ.

1866ರಲ್ಲಿ ಪ್ರಷ್ಯಾ ಹ್ಯಾನೋವರನ್ನು ಸೋಲಿಸಿ ಇಡಿಯಾಗಿ ಸೇರಿಸಿಕೊಂಡಿತು. ಲಾಂಡ್‌ಡ್ರೋಸ್ಟೈಗಳ ಹೆಸರು ಮಾತ್ರ ಇನ್ನೂ ಎರಡು ದಶಕ ಉಳಿಯಿತು. 1885ರಲ್ಲಿ ಅವು ಪ್ರಷ್ಯನ್ ಪದ್ಧತಿಯ ರೆಗೀರುಂಗ್ಸ್‌ಬೆಝಿರ್ಕ್ ಆದವು. ‘ಔರಿಶ್ ಆಡಳಿತ ವಿಭಾಗ’ ಎಂಬ ಹೆಸರು ನಿಜಕ್ಕೂ ಹುಟ್ಟಿದ್ದು ಆಗ. ಅದು ಬದುಕಿದ್ದು 1978ರ ಜನವರಿ 31ರವರೆಗೆ.

ಪದಪಂಕ್ತಿ:
ಬಹಳ ಸ್ಪಷ್ಟವಾಯಿತು. ಈ ಮಟ್ಟವನ್ನು ಕನ್ನಡದಲ್ಲಿ ‘ಜಿಲ್ಲೆ’ ಅನ್ನಬಹುದೇ? ಕೆಳಗಿನ ಕ್ರೈಸ್‌ಗೂ ಜಿಲ್ಲೆ ಅಂತಲೇ ಬರೆಯುತ್ತಾರಲ್ಲ.

ನಕ್ಷೆಗಾರ:
ರೆಗೀರುಂಗ್ಸ್‌ಬೆಝಿರ್ಕ್‌ಗೆ ‘ವಿಭಾಗ’, ಕ್ರೈಸ್‌ಗೆ ‘ಜಿಲ್ಲೆ’ ಅಂತ ಇಟ್ಟುಕೊಳ್ಳಿ. ನಮ್ಮ ಬೆಳಗಾವಿ ವಿಭಾಗ, ಅದರ ಕೆಳಗೆ ಜಿಲ್ಲೆಗಳು ಇದ್ದ ಹಾಗೆ. ಎರಡಕ್ಕೂ ಒಂದೇ ಪದ ಬಳಸಿದರೆ ಔರಿಶ್ ವಿಷಯದಲ್ಲಿ ಅಪಾಯ ಖಚಿತ. ಔರಿಶ್ ವಿಭಾಗದೊಳಗೆ ಔರಿಶ್ ಎಂಬ ಜಿಲ್ಲೆ ಬೇರೆಯೇ ಇತ್ತು, ಅದರ ಕೇಂದ್ರ ಔರಿಶ್ ಪಟ್ಟಣ. ಹಳೆಯ ಪತ್ರದಲ್ಲಿ ಬರೀ ‘ಔರಿಶ್’ ಅಂತ ಕಂಡರೆ ಪಟ್ಟಣವೋ ಜಿಲ್ಲೆಯೋ ವಿಭಾಗವೋ ಅಂತ ಮೊದಲು ನೋಡಬೇಕು.

ತೆಂಕುಗಾಳಿ:
ಅಲ್ಲಾ, ‘ಜರ್ಮನಿಯಲ್ಲಿ ಹುಟ್ಟಿದರು’ ಅಂತ ಬರೆದು ಮುಗಿಸಿದರೆ ಓದುಗನಿಗೆ ಏನು ನಷ್ಟ?

ಹಳೆಕಡತ:
ಪಠ್ಯಪುಸ್ತಕಕ್ಕೆ ನಡೆಯುತ್ತೆ. ಅಡಿಟಿಪ್ಪಣಿಗೆ ಸಾಲದು, ಯಾಕೆಂದರೆ ಅಡಿಟಿಪ್ಪಣಿ ಓದುವವನು ದಾಖಲೆ ಹುಡುಕಲು ಹೊರಟಿರುತ್ತಾನೆ. 1832ರಲ್ಲಿ ಜರ್ಮನಿ ಎಂಬ ದೇಶ ಇರಲಿಲ್ಲ, ಜರ್ಮನ್ ಒಕ್ಕೂಟ ಇತ್ತು. ಕಾಗದ ಪತ್ರ ಇಡುತ್ತಿದ್ದದ್ದು ಆಯಾ ರಾಜ್ಯ. ಇನ್ನೊಂದು ವಿಷಯ, ಇದು ಕನ್ನಡ ಲೇಖನಗಳಲ್ಲಿ ಬಂದೇ ಇಲ್ಲ ಅನ್ನಬೇಕು: 1832ರಲ್ಲಿ ಹ್ಯಾನೋವರ್‌ನ ರಾಜ ಮತ್ತು ಬ್ರಿಟನ್ನಿನ ರಾಜ ಒಬ್ಬನೇ, ನಾಲ್ಕನೆಯ ವಿಲಿಯಂ. 1714ರಿಂದ ನಡೆದುಬಂದ ಆ ನಂಟು 1837ರಲ್ಲಿ ಕಡಿಯಿತು. ಹ್ಯಾನೋವರ್ ಕಾನೂನಿನಲ್ಲಿ ಗಂಡು ವಾರಸುದಾರರಿದ್ದಾಗ ಹೆಣ್ಣಿಗೆ ಪಟ್ಟವಿಲ್ಲ. ಲಂಡನ್ನಿನಲ್ಲಿ ವಿಕ್ಟೋರಿಯಾ, ಹ್ಯಾನೋವರ್‌ನಲ್ಲಿ ಅವಳ ಚಿಕ್ಕಪ್ಪ ಎರ್ನ್‌ಸ್ಟ್ ಔಗುಸ್ಟ್. ಅಂದರೆ ಕಿಟ್ಟೆಲ್ ಹುಟ್ಟುವಾಗ ಬ್ರಿಟಿಷ್ ದೊರೆಯ ಹ್ಯಾನೋವರ್ ಪ್ರಜೆ. 1853ರಲ್ಲಿ ಧಾರವಾಡದ ಕಡೆ ಬರುವಾಗ ಬರೀ ಹ್ಯಾನೋವರ್ ಪ್ರಜೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ನಿಘಂಟು ಹೊರಬೀಳುವ ಹೊತ್ತಿಗೆ ಹುಟ್ಟೂರು ಪ್ರಷ್ಯಾದಲ್ಲಿ, ಪ್ರಷ್ಯಾ ಜರ್ಮನ್ ಸಾಮ್ರಾಜ್ಯದಲ್ಲಿ. ರೆಸ್ಟರ್‌ಹಾಫೆ ಒಂದಡಿಯೂ ಕದಲಿಲ್ಲ.

ಉತ್ತರದಂಡೆ:
ನಕ್ಷೆಗಾರರ ಪಟ್ಟಿಗೆ ಗಡಿಯ ವಿಷಯ ಸೇರಿಸುತ್ತೇನೆ. ಹುಡುಕಾಟ ಹಾಳಾಗುವುದು ಹೆಚ್ಚಾಗಿ ಅಂಚಿನ ಊರುಗಳಲ್ಲಿ.

ಯೇವರ್. ನಕ್ಷೆಯಲ್ಲಿ ಔರಿಶ್ ಪಕ್ಕದಲ್ಲೇ ಕಾಣುತ್ತೆ, ಜನ ಓಸ್ಟ್‌ಫ್ರೀಸ್‌ಲಾಂಡ್ ಅಂದುಕೊಳ್ಳುತ್ತಾರೆ. ಅದು ಬೇರೆ ಒಡೆತನ. ಅನ್‌ಹಾಲ್ಟ್-ತ್ಸೆರ್ಬ್‌ಸ್ಟ್ ಮನೆತನದ ಪಾಲಿಗಿದ್ದು, ಆ ಮನೆಯ ಮಗಳಾದ ರಷ್ಯಾದ ಎರಡನೆಯ ಕ್ಯಾಥರೀನ್‌ಗೆ 1793ರಲ್ಲಿ ಬಂತು. 1807ರವರೆಗೆ ರಷ್ಯಾದ ಸೊತ್ತು. ಫ್ರೆಂಚ್ ಕಾಲದಲ್ಲಿ ಮಾತ್ರ ಪೂರ್ವ ಎಮ್ಸ್‌ನ ಮೂರು ಉಪವಿಭಾಗಗಳಲ್ಲಿ ಒಂದಾಗಿ ಔರಿಶ್ ಕೈಕೆಳಗೆ ಇತ್ತು. ಉಳಿದೆರಡು ಔರಿಶ್ ಮತ್ತು ಎಮ್ಡೆನ್. ಆಮೇಲೆ ಓಲ್ಡೆನ್‌ಬುರ್ಗ್. ಅದರ ಕಡತ ಔರಿಶ್‌ನಲ್ಲಿ ಹುಡುಕಿದರೆ ಸಿಗುವುದು ಆ ಕೆಲವೇ ವರ್ಷದ್ದು. ವಾಂಗರೋಗೆ ದ್ವೀಪವೂ ಯೇವರ್ ಜೊತೆ ಹೋಗುತ್ತೆ. ಬೋರ್ಕುಮ್, ಯುಯಿಸ್ಟ್, ನೋರ್ಡರ್ನೈ, ಬಾಲ್ಟ್ರುಮ್, ಲಾಂಗೆಓಗ್, ಸ್ಪೀಕರ್‌ಓಗ್ ಔರಿಶ್ ವಿಭಾಗದವು, ಸಾಲಿನ ಪೂರ್ವ ತುದಿಯ ವಾಂಗರೋಗೆ ಅಲ್ಲ.

ರೈಡರ್‌ಲಾಂಡ್. ಎಮ್ಸ್ ನದಿಯ ಆಚೆ ದಡ, ವೇನರ್ ಪಟ್ಟಣದ ಸುತ್ತ. ಇದು ಓಸ್ಟ್‌ಫ್ರೀಸ್‌ಲಾಂಡೇ. ಆದರೆ ಫ್ರೆಂಚ್ ಕಾಲದಲ್ಲಿ ಗ್ರೋನಿಂಗನ್ ಕೇಂದ್ರವಾಗಿದ್ದ ಪಶ್ಚಿಮ ಎಮ್ಸ್‌ಗೆ ಸೇರಿಸಿದ್ದರು. 1811-13ರ ಜನನ, ಮದುವೆ ದಾಖಲೆ ಹುಡುಕುವಾಗ ಡಚ್ ಕಡೆಯನ್ನೂ ನೋಡಬೇಕಾಗುವುದು ಇದಕ್ಕೇ.

ಪಾಪನ್‌ಬುರ್ಗ್. ಲೇರ್ ಪಟ್ಟಣಕ್ಕೆ ಅಂಟಿಕೊಂಡಂತಿದೆ, ಆದರೆ ಕ್ಯಾಥೊಲಿಕ್ ಎಮ್ಸ್‌ಲಾಂಡ್ ಸೀಮೆ, ಸೇರಿದ್ದು ಓಸ್ನಾಬ್ರ್ಯುಕ್‌ಗೆ.

ವಿಲ್ಹೆಲ್ಮ್‌ಸ್‌ಹಾಫೆನ್ ಕಥೆ ಸ್ವಾರಸ್ಯ. ಪ್ರಷ್ಯಾಕ್ಕೆ ಉತ್ತರ ಸಮುದ್ರದಲ್ಲಿ ನೌಕಾನೆಲೆ ಬೇಕಿತ್ತು, ದಂಡೆ ಇರಲಿಲ್ಲ. 1853ರ ಒಪ್ಪಂದದಲ್ಲಿ ಯಾಡೆ ಕೊಲ್ಲಿಯ ದಡದ ಚೂರನ್ನು ಓಲ್ಡೆನ್‌ಬುರ್ಗ್‌ನಿಂದ 5 ಲಕ್ಷ ಥಾಲರ್ ಕೊಟ್ಟು ಕೊಂಡಿತು. 1869ರಲ್ಲಿ ರಾಜನ ಹೆಸರಿಟ್ಟರು. ಹ್ಯಾನೋವರ್ ಪ್ರಷ್ಯಾದ ಪ್ರಾಂತ್ಯವಾದ ಮೇಲೆ 1870ರ ದಶಕದಲ್ಲಿ ಈ ಚೂರನ್ನು ಔರಿಶ್‌ಗೆ ಸೇರಿಸಿದರು. ಸುತ್ತಲೂ ಓಲ್ಡೆನ್‌ಬುರ್ಗ್, ನಡುವೆ ಔರಿಶ್‌ನ ಒಂದು ತುಂಡು. ರಸ್ತೆಯ ಆಚೆ ಬದಿಯ ಮನೆಗಳು ಬೇರೆ ರಾಜ್ಯ. ನೌಕಾಂಗಣದ ಎಷ್ಟೋ ಕೆಲಸಗಾರರು ವಾಸವಿದ್ದದ್ದು ಓಲ್ಡೆನ್‌ಬುರ್ಗ್ ಬದಿಯಲ್ಲಿ, ಆ ಕಡೆಯ ಊರುಗಳು ಸೇರಿ ಮುಂದೆ ರ್‍ಯುಸ್ಟ್ರಿಂಗನ್ ನಗರವಾಯಿತು. 1937ರ ಏಪ್ರಿಲ್ 1ರಂದು ಗ್ರೇಟರ್ ಹ್ಯಾಂಬುರ್ಗ್ ಕಾಯ್ದೆ ಜಾರಿಯಾದಾಗ ವಿಲ್ಹೆಲ್ಮ್‌ಸ್‌ಹಾಫೆನ್ ಓಲ್ಡೆನ್‌ಬುರ್ಗ್‌ಗೆ ಹೋಗಿ ರ್‍ಯುಸ್ಟ್ರಿಂಗನ್ ಜೊತೆ ಒಂದಾಯಿತು. 1900ರ ಸುಮಾರಿನ ಒಂದೇ ಕುಟುಂಬದ ಇಬ್ಬರು ಮಕ್ಕಳ ನೋಂದಣಿ ಎರಡು ರಾಜ್ಯಗಳಲ್ಲಿ ಇದ್ದರೆ ಬೆರಗಾಗಬೇಡಿ.

ಕೊನೆಗೆ, ಈಗಿನ ‘ಫ್ರೀಸ್‌ಲಾಂಡ್ ಜಿಲ್ಲೆ’ ಎಂಬುದು ಯೇವರ್ ಸುತ್ತಲಿನದ್ದು. ಓಸ್ಟ್‌ಫ್ರೀಸ್‌ಲಾಂಡ್ ಅಲ್ಲ.

ಓಲೆಗರಿ:
ನಾನು ಕೇಳಬೇಕು ಅಂದುಕೊಂಡಿದ್ದು ನೋರ್ಡೆನ್ ಬಗ್ಗೆ. ರೆಸ್ಟರ್‌ಹಾಫೆ ನೋರ್ಡೆನ್ ಜಿಲ್ಲೆಯಲ್ಲಿತ್ತು ಎನ್ನುವುದು ಪೂರ್ತಿ ಸುಳ್ಳೇ?

ಹಳೆಕಡತ:
ಸುಳ್ಳಲ್ಲ ಮೇಡಂ, ವರ್ಷ ತಪ್ಪು. ಪ್ರಷ್ಯಾ 1884ರ ಮೇ 6ರಂದು ಹ್ಯಾನೋವರ್ ಪ್ರಾಂತ್ಯಕ್ಕೆ ಕ್ರೈಸ್ ಕಾಯ್ದೆ ತಂದಿತು, 1885ರ ಏಪ್ರಿಲ್ 1ರಿಂದ ಜಾರಿ. ಅದಕ್ಕೂ ಮೊದಲು ಕೆಳಮಟ್ಟದ ಆಡಳಿತ ‘ಆಮ್ಟ್’ ಹೆಸರಿನಲ್ಲಿತ್ತು. ಬೆರುಮ್, ಎಸನ್ಸ್, ಸ್ಟಿಕ್‌ಹೌಸನ್, ಹೀಗೆ ಹಲವು. 1885ರಲ್ಲಿ ಔರಿಶ್ ವಿಭಾಗದಲ್ಲಿ ಎಮ್ಡೆನ್ ನಗರ ಜಿಲ್ಲೆಯ ಜೊತೆಗೆ ಔರಿಶ್, ಎಮ್ಡೆನ್ ಗ್ರಾಮಾಂತರ, ಲೇರ್, ನೋರ್ಡೆನ್, ವೇನರ್, ವಿಟ್‌ಮುಂಡ್ ಎಂಬ ಆರು ಜಿಲ್ಲೆ ಆದವು. ಡೋರ್ನುಮ್ ಮತ್ತು ಪಕ್ಕದ ರೆಸ್ಟರ್‌ಹಾಫೆ ನೋರ್ಡೆನ್ ಪಾಲಿಗೆ. ಕಿಟ್ಟೆಲ್ ಹುಟ್ಟಿ ಆಗಲೇ ಅರ್ಧ ಶತಮಾನ ದಾಟಿತ್ತು.

1932ರ ಅಕ್ಟೋಬರ್ 1ರಂದು ಖರ್ಚು ಉಳಿಸಲು ಪ್ರಷ್ಯಾ ಸಣ್ಣ ಜಿಲ್ಲೆಗಳನ್ನು ಕೈಬಿಟ್ಟಿತು. ವೇನರ್ ಲೇರ್‌ನಲ್ಲಿ ಕರಗಿತು. ಎಮ್ಡೆನ್ ಗ್ರಾಮಾಂತರ ಒಡೆಯಿತು: ಕ್ರುಮ್‌ಹೋರ್ನ್ ಕಡೆಯದ್ದು ನೋರ್ಡೆನ್‌ಗೆ, ಬೋರ್ಕುಮ್ ದ್ವೀಪ ಲೇರ್‌ಗೆ. ಹೀಗಾಗಿ ‘ನೋರ್ಡೆನ್ ಜಿಲ್ಲೆ’ ಎಂದರೆ 1932ಕ್ಕೆ ಮೊದಲು ಒಂದು ಆಕಾರ, ನಂತರ ಇನ್ನೊಂದು. ಜನಸಂಖ್ಯೆಯ ಅಂಕಿ ಹೋಲಿಸುವವರು ಇಲ್ಲಿ ಎಡವುತ್ತಾರೆ, ಊರು ಸೇರಿದ್ದಕ್ಕೆ ಏರಿದ ಸಂಖ್ಯೆಯನ್ನು ಬೆಳವಣಿಗೆ ಅಂತ ಓದಿಬಿಡುತ್ತಾರೆ.

ಉಳಿದ ನಾಲ್ಕು ಜಿಲ್ಲೆ, ಎಮ್ಡೆನ್ ನಗರ, ಇವು 1977ರವರೆಗೆ ಬಂದವು. ವಾಹನ ಫಲಕದ ಅಕ್ಷರಗಳಲ್ಲಿ ಇದು ಸಲೀಸಾಗಿ ಕಾಣುತ್ತೆ: ಎಯುಆರ್, ಇಎಮ್‌ಡಿ, ಎಲ್‌ಇಆರ್, ಎನ್‌ಒಆರ್, ಡಬ್ಲ್ಯುಟಿಎಮ್. 1977ರ ಆಗಸ್ಟ್ 1ರಂದು ನೋರ್ಡೆನ್ ಜಿಲ್ಲೆ ರದ್ದಾಗಿ ಔರಿಶ್ ಜಿಲ್ಲೆಯಲ್ಲಿ ಸೇರಿತು. ಅದೇ ದಿನ ವಿಟ್‌ಮುಂಡ್ ಮತ್ತು ಫ್ರೀಸ್‌ಲಾಂಡ್ ಜಿಲ್ಲೆಗಳನ್ನೂ ಒಂದು ಮಾಡಿದ್ದರು. ಆ ಜೋಡಣೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ, 1980ರ ಜನವರಿ 1ರಿಂದ ಎರಡೂ ಮತ್ತೆ ಬೇರೆ. ನೋರ್ಡೆನ್‌ಗೆ ಆ ಭಾಗ್ಯ ಬರಲಿಲ್ಲ.

ವಿಭಾಗದ ಪಾಡು ಇನ್ನೂ ಚುಟುಕು. 1978ರ ಫೆಬ್ರವರಿ 1ರಿಂದ ಔರಿಶ್, ಓಸ್ನಾಬ್ರ್ಯುಕ್, ಓಲ್ಡೆನ್‌ಬುರ್ಗ್ ಮೂರೂ ಸೇರಿ ವೇಸರ್-ಎಮ್ಸ್ ವಿಭಾಗ, ಕೇಂದ್ರ ಓಲ್ಡೆನ್‌ಬುರ್ಗ್. 2004ರ ಕೊನೆಗೆ ಲೋವರ್ ಸ್ಯಾಕ್ಸನಿ ಈ ಮಟ್ಟವನ್ನೇ ತೆಗೆದುಹಾಕಿತು. ಐರೋಪ್ಯ ಒಕ್ಕೂಟದ ಅಂಕಿಅಂಶ ಕೋಷ್ಟಕಗಳಲ್ಲಿ ಮಾತ್ರ ಡಿಇ94 ಎಂಬ ಸಂಕೇತದಲ್ಲಿ ವೇಸರ್-ಎಮ್ಸ್ ಇನ್ನೂ ಬರುತ್ತಿರುತ್ತೆ. ಅದನ್ನು ನೋಡಿ ವಿಭಾಗ ಈಗಲೂ ಇದೆ ಅಂದುಕೊಳ್ಳಬಾರದು.

ಪದಪಂಕ್ತಿ:
ಹಾಗಾದರೆ ದೀಕ್ಷಾಸ್ನಾನದ ದಾಖಲೆಗೆ ಯಾರನ್ನು ಕೇಳಬೇಕು? ವಿಭಾಗವೂ ಇಲ್ಲ, ಜಿಲ್ಲೆಯೂ ಇಲ್ಲ.

ಹಳೆಕಡತ:
ಇಲ್ಲಿ ಜಿಲ್ಲೆ ಕೈಬಿಡಿ, ವರ್ಷ ಮತ್ತು ಸಭೆ (ಅಂದರೆ ಊರಿನ ಚರ್ಚ್ ಸಮುದಾಯ) ಹಿಡಿಯಿರಿ. ಓಸ್ಟ್‌ಫ್ರೀಸ್‌ಲಾಂಡ್‌ನಲ್ಲಿ ಜನನ ದಾಖಲೆ ಯಾರ ಕೈಯಲ್ಲಿತ್ತು ಅನ್ನುವುದು ಮೂರು ಹಂತ.

ಫ್ರೆಂಚರು ಬರುವವರೆಗೆ ಸಭಾಪಾಲಕರ ಪುಸ್ತಕ ಬಿಟ್ಟರೆ ಬೇರೆ ಇಲ್ಲ. 1811ರಿಂದ 1813ರವರೆಗೆ ಫ್ರೆಂಚ್ ಕಾನೂನಿನಂತೆ ಊರಿನ ಮೇಯರ್ ಬರೆದ ನಾಗರಿಕ ನೋಂದಣಿ. ಫ್ರೆಂಚರು ಹೋದ ಮೇಲೆ ಮತ್ತೆ ಚರ್ಚ್. ಪ್ರಷ್ಯಾದಲ್ಲಿ ಸರ್ಕಾರಿ ನೋಂದಣಿ ಕಚೇರಿ, ಅಂದರೆ ಸ್ಟಾಂಡೆಸ್‌ಆಮ್ಟ್, ಶುರುವಾದದ್ದು 1874ರ ಅಕ್ಟೋಬರ್ 1ರಂದು. ಜರ್ಮನಿಯ ಉಳಿದ ಕಡೆ 1876ರ ಜನವರಿ 1. ಸಿದ್ಧ ಮಾರ್ಗದರ್ಶಿಗಳಲ್ಲಿ 1876 ಅಂತಲೇ ಇರುತ್ತೆ. ಅದನ್ನು ನಂಬಿ ಔರಿಶ್ ಸೀಮೆಯ 1875ರ ಜನನವನ್ನು ಚರ್ಚ್ ಪುಸ್ತಕದಲ್ಲಷ್ಟೇ ಹುಡುಕಿ ಕೈಚೆಲ್ಲಿದವರಿದ್ದಾರೆ.

1832 ಎರಡನೆಯ ಚರ್ಚ್ ಅವಧಿ. ಓಸ್ಟ್‌ಫ್ರೀಸ್‌ಲಾಂಡ್‌ನಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎರಡು ಪಂಗಡ, ಆಡಳಿತ ಬೇರೆ ಬೇರೆ. ಪಶ್ಚಿಮ, ನೈರುತ್ಯದಲ್ಲಿ, ಎಮ್ಡೆನ್ ಸುತ್ತ, ರಿಫಾರ್ಮ್ಡ್ ಹೆಚ್ಚು. ಉತ್ತರ, ಪೂರ್ವದಲ್ಲಿ ಲೂಥರನ್. ರೆಸ್ಟರ್‌ಹಾಫೆ ಲೂಥರನ್ ಸಭೆ. ಕಿಟ್ಟೆಲ್ ಅವರ ತಂದೆಯೂ ಪಾದ್ರಿ. ಲೂಥರನ್ ಸಭೆಗಳು ಹ್ಯಾನೋವರ್ ಪ್ರಾಂತೀಯ ಚರ್ಚಿಗೆ, ರಿಫಾರ್ಮ್ಡ್ ಸಭೆಗಳು ಲೇರ್‌ನಲ್ಲಿ ಕಚೇರಿ ಇರುವ ತಮ್ಮದೇ ಚರ್ಚಿಗೆ ಸೇರಿದವು. ತಪ್ಪು ಪಂಗಡಕ್ಕೆ ಪತ್ರ ಬರೆದರೆ ‘ಅಂಥ ಹೆಸರಿಲ್ಲ’ ಅಂತ ಉತ್ತರ ಬರುತ್ತೆ, ಅದು ನಿಜವೂ ಆಗಿರುತ್ತೆ.

ಪತ್ರ ಹೀಗಿರಲಿ: ಸಭೆಯ ಹೆಸರು, ಪಂಗಡ, ವ್ಯಕ್ತಿಯ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಬೇಕಾದ್ದು ಪುಟದ ಚಿತ್ರವೋ ದೃಢೀಕೃತ ನಕಲೋ. ಅರ್ಧ ಪುಟ ಸಾಕು, ಜರ್ಮನ್‌ನಲ್ಲಿ. ಮೊದಲ ಪತ್ರದಲ್ಲೇ ‘ಈ ಕುಟುಂಬದ ಎಲ್ಲ ಮಾಹಿತಿ’ ಅಂತ ಕೇಳಬೇಡಿ. ಅದು ಹುಡುಕಾಟದ ಕೆಲಸವಾಗುತ್ತೆ, ಗಂಟೆ ಲೆಕ್ಕದಲ್ಲಿ ಶುಲ್ಕ ಬೀಳುತ್ತೆ. ಜರ್ಮನ್ ಪ್ರಾಟೆಸ್ಟೆಂಟ್ ಚರ್ಚುಗಳ ಪುಸ್ತಕದ ಸ್ಕ್ಯಾನ್‌ಗಳಿಗೆ ಆರ್ಕಿಯೋನ್ ಎಂಬ ಪಾವತಿ ತಾಣವಿದೆ. ಹಣ ಕಟ್ಟುವ ಮುಂಚೆ ನಿಮ್ಮ ಸಭೆ, ನಿಮ್ಮ ವರ್ಷ ಅಲ್ಲಿ ಇದೆಯೇ ಅಂತ ಪಟ್ಟಿ ನೋಡಿ, ಪಟ್ಟಿ ನೋಡಲು ದುಡ್ಡಿಲ್ಲ.

ಸರ್ಕಾರಿ ನೋಂದಣಿಗೆ ಬೇರೆ ನಿಯಮ. 2009ರಿಂದ ಜಾರಿಯಾದ ಕಾನೂನಿನಂತೆ ಜನನ 110 ವರ್ಷ, ಮದುವೆ 80, ಮರಣ 30 ವರ್ಷ ಕಳೆದ ಮೇಲೆ ಪತ್ರಾಗಾರಕ್ಕೆ ಹೋಗಿ ಎಲ್ಲರಿಗೂ ತೆರೆದುಕೊಳ್ಳುತ್ತೆ. ಅದಕ್ಕೂ ಈಚಿನದಾದರೆ ನೇರ ವಂಶಸ್ಥರಿಗೆ ಸಿಗುತ್ತೆ, ಬೇರೆಯವರು ಕಾನೂನುಬದ್ಧ ಕಾರಣ ತೋರಿಸಬೇಕು.

ಓಲೆಗರಿ:
ಆಡಳಿತದ ಕಡತಗಳು? ಶಾಲೆ, ಚರ್ಚ್ ನೇಮಕಾತಿ, ಪರವಾನಗಿ ಅಂಥವು.

ಉತ್ತರದಂಡೆ:
ಅವು ಲೋವರ್ ಸ್ಯಾಕ್ಸನಿ ರಾಜ್ಯ ಪತ್ರಾಗಾರದ ಔರಿಶ್ ಶಾಖೆಯಲ್ಲಿ. ಆರ್ಕಿನ್‌ಸಿಸ್ ಎಂಬ ತಾಣದಲ್ಲಿ ಪಟ್ಟಿ ಹುಡುಕಬಹುದು. ಸಂಕೇತ ‘ಎನ್‌ಎಲ್‌ಎ ಎಯು’ ಅಂತ ಶುರುವಾದರೆ ಔರಿಶ್ ಶಾಖೆ.

ಹುಡುಕು ಪೆಟ್ಟಿಗೆಯಲ್ಲಿ ಊರ ಹೆಸರು ಹಾಕಿ ‘ಏನೂ ಇಲ್ಲ’ ಅಂತ ಎದ್ದು ಬರಬೇಡಿ. ಎಷ್ಟೋ ಕಡತಗಳ ಶೀರ್ಷಿಕೆಯಲ್ಲಿ ಊರೇ ಇರುವುದಿಲ್ಲ, ‘ಆಮ್ಟ್ ಬೆರುಮ್‌ನ ಶಾಲೆಗಳು’ ಅಂತಷ್ಟೇ ಇರುತ್ತೆ. ಆದ್ದರಿಂದ ಮೊದಲು ಕಡತ ಸೃಷ್ಟಿಸಿದ ಕಚೇರಿ ಯಾವುದು ಅಂತ ತಿಳಿದು ಆ ಕಚೇರಿಯ ಕೊಂಬೆ ಹಿಡಿದು ಕೆಳಗಿಳಿಯಬೇಕು. 1744-1806 ಆದರೆ ಪ್ರಷ್ಯನ್ ಕಚೇರಿ. 1823-85 ಆದರೆ ಲಾಂಡ್‌ಡ್ರೋಸ್ಟೈ. ಆಮೇಲಿನದು ವಿಭಾಗಾಧಿಕಾರಿಯ ಕಚೇರಿ. ಚರ್ಚ್, ಶಾಲೆ ವಿಷಯವಾದರೆ ಔರಿಶ್ ಕನ್ಸಿಸ್ಟೋರಿಯಮ್ ಎಂಬ ಧಾರ್ಮಿಕ ಮಂಡಳಿಯ ಕಡತ ಬೇರೆಯೇ ಉಂಟು.

ಡೋರ್ನುಮ್ ವಿಷಯದಲ್ಲಿ ಇನ್ನೊಂದು ತಿರುವು. ಅದು ‘ಹೆರ್‌ಲಿಶ್‌ಕೈಟ್’. ನಮ್ಮ ಜಹಗೀರಿನಂತೆ ಒಡೆಯನಿಗೆ ತನ್ನದೇ ನ್ಯಾಯಸ್ಥಾನವಿದ್ದ ಸೀಮೆ. ಲ್ಯುಟೆಟ್ಸ್‌ಬುರ್ಗ್ ಕೂಡ ಹಾಗೇ, ಅದು ಕ್ನಿಪ್‌ಹೌಸನ್ ಮನೆತನದ್ದು. ಇಂಥ ಕಡೆ ಆಸ್ತಿ ಪತ್ರ, ಮೈನರ್ ಮಕ್ಕಳ ಪೋಷಣೆ, ಸಾಲ ವ್ಯಾಜ್ಯ ಎಲ್ಲ 19ನೇ ಶತಮಾನದ ನಡುಭಾಗದವರೆಗೂ ಒಡೆಯನ ನ್ಯಾಯಸ್ಥಾನದ ಕಾಗದದಲ್ಲಿರುತ್ತೆ. ಅದರಲ್ಲಿ ಕೆಲವು ಮನೆತನದ ಖಾಸಗಿ ಸಂಗ್ರಹದಲ್ಲಿ ಉಳಿದವು. ಆಮ್ಟ್ ಕಡತದಲ್ಲಿ ಇಲ್ಲ ಅಂದರೆ ಕಳೆದುಹೋಗಿದೆ ಅಂತ ಅರ್ಥವಲ್ಲ.

ನಕ್ಷೆಗಾರ:
ಊರು ಯಾವ ವರ್ಷ ಯಾವ ಕಚೇರಿಗೆ ಸೇರಿತ್ತು ಅಂತ ನೋಡಲು ಎರಡು ಸಲಕರಣೆ. ಒಂದು, ಜಿಒವಿ ಎಂಬ ವಂಶಾವಳಿ ಸ್ಥಳನಾಮ ಕೋಶ, ಪ್ರತಿ ಊರಿಗೂ ಸೇರ್ಪಡೆಯ ಸರಪಳಿ, ಇಸವಿ ಸಮೇತ ಇರುತ್ತೆ. ಎರಡು, 1912ರ ಮೆಯರ್ಸ್ ಗೆಝೆಟಿಯರ್. ಇದರಲ್ಲಿ ‘ಆರ್‌ಬಿ’ ವಿಭಾಗ, ‘ಕೆಆರ್’ ಜಿಲ್ಲೆ, ‘ಎಜಿ’ ಕೆಳ ನ್ಯಾಯಾಲಯ, ‘ಎಸ್‌ಟಿಡಿಎ’ ನೋಂದಣಿ ಕಚೇರಿ. ಇದು 1912ರ ಗಡಿ, ಅಷ್ಟೇ. ಅದರಲ್ಲಿ ಕಂಡ ‘ಆರ್‌ಬಿ ಔರಿಶ್, ಕೆಆರ್ ನೋರ್ಡೆನ್’ ಎಂಬುದನ್ನು ಎತ್ತಿ 1832ರ ಮುಂದೆ ಅಂಟಿಸಿದ್ದರಿಂದಲೇ ಮೇಲಿನ ಗೊಂದಲ ಹುಟ್ಟಿರೋದು ಅಂತ ನನ್ನ ಅನುಮಾನ.

ಹಾಗೇ 1972ರಲ್ಲಿ ಹಳ್ಳಿ ಪಂಚಾಯಿತಿಗಳನ್ನೂ ಒಟ್ಟುಗೂಡಿಸಿದರು. ಕ್ರುಮ್‌ಹೋರ್ನ್ ಅಂತ ಈಗ ಕರೆಯುವ ಪಂಚಾಯಿತಿ ಒಳಗೆ 19 ಹಳೆಯ ಹಳ್ಳಿಗಳಿವೆ. ‘ಕ್ರುಮ್‌ಹೋರ್ನ್‌ನಲ್ಲಿ ಹುಟ್ಟಿದ’ ಅಂತ ಈಗಿನ ವಂಶವೃಕ್ಷಗಳಲ್ಲಿ ಕಂಡರೆ 19ರಲ್ಲಿ ಯಾವುದು ಎಂಬ ಪ್ರಶ್ನೆ ಬಾಕಿ ಉಳಿಯುತ್ತೆ.

ತೆಂಕುಗಾಳಿ:
ಅಧಿಕಾರಿಗಳ ಪದವಿಯಲ್ಲೂ ಇಂಥ ಮೋಸ ಇದೆಯೇ?

ಹಳೆಕಡತ:
ಒಂದು ದೊಡ್ಡದೇ ಇದೆ, ‘ಲಾಂಡ್‌ರಾಟ್’. 1885ರಿಂದ ಎರಡನೆಯ ಮಹಾಯುದ್ಧದವರೆಗೆ ಲಾಂಡ್‌ರಾಟ್ ಅಂದರೆ ಜಿಲ್ಲೆಯ ಸರ್ಕಾರಿ ಅಧಿಕಾರಿ, ನಮ್ಮ ಕಲೆಕ್ಟರ್ ಥರ. 1946ರಲ್ಲಿ ಬ್ರಿಟಿಷ್ ಸೇನಾಡಳಿತ ತನ್ನ ವಲಯದಲ್ಲಿ ಇಂಗ್ಲಿಷ್ ಪದ್ಧತಿ ತಂದಿತು. ಲಾಂಡ್‌ರಾಟ್ ಜಿಲ್ಲಾ ಪರಿಷತ್ತಿನ ಗೌರವ ಅಧ್ಯಕ್ಷ ಆದ. ಕಚೇರಿ ನಡೆಸುವವನು ‘ಓಬರ್‌ಕ್ರೈಸ್‌ಡಿರೆಕ್ಟರ್’. 1990ರ ದಶಕದ ಸುಧಾರಣೆಯ ನಂತರ ಎರಡೂ ಮತ್ತೆ ಒಂದೇ ಕುರ್ಚಿಗೆ ಬಂದವು. 1950ರ ನೋರ್ಡೆನ್ ಕಡತದಲ್ಲಿ ಅಸಲಿ ತೀರ್ಮಾನ ಹುಡುಕುವವರು ಓಬರ್‌ಕ್ರೈಸ್‌ಡಿರೆಕ್ಟರ್ ಸಹಿ ನೋಡಬೇಕು. ‘ಕ್ರೈಸ್’ಗೆ ಅಧಿಕೃತವಾಗಿ ‘ಲಾಂಡ್‌ಕ್ರೈಸ್’ ಎಂಬ ಹೆಸರು ಬಂದದ್ದು 1939ರಲ್ಲಿ, ಅದನ್ನು ಹಿಂದಕ್ಕೆ ಒಯ್ಯಬೇಡಿ.

ಓಲೆಗರಿ:
ಕುಟುಂಬದ ಹೆಸರುಗಳು ತಲೆಮಾರಿಗೊಮ್ಮೆ ಬದಲಾಗುವುದು ಓಸ್ಟ್‌ಫ್ರೀಸ್‌ಲಾಂಡ್‌ನಲ್ಲಿ ಸಾಮಾನ್ಯ ಅಂತ ಓದಿದ್ದೆ. ಅದಕ್ಕೂ ಈ ಆಡಳಿತ ಬದಲಾವಣೆಗೂ ಸಂಬಂಧ ಉಂಟೇ?

ಉತ್ತರದಂಡೆ:
ನೇರ ಸಂಬಂಧ. ಇಲ್ಲಿ ಹಿಂದೆ ತಂದೆಯ ಹೆಸರೇ ಮಗನ ಎರಡನೆಯ ಹೆಸರು. ಹಾರ್ಮ್‌ನ ಮಗ ಯಾನ್ ಆದರೆ ‘ಯಾನ್ ಹಾರ್ಮ್ಸ್’. ಅವನ ಮಗ ಹಾರ್ಮ್ ಆದರೆ ‘ಹಾರ್ಮ್ ಯಾನ್ಸೆನ್’. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿ. ಮೊಮ್ಮಗನಿಗೆ ಅಜ್ಜನ ಹೆಸರಿಟ್ಟು ಹಿಂದೆ ಅಪ್ಪನ ಇನಿಷಿಯಲ್ ಹಾಕುವ ನಮ್ಮವರಿಗೆ ಇದು ಚಿಟಿಕೆಯಲ್ಲಿ ಅರ್ಥವಾಗುತ್ತೆ. ಫ್ರೆಂಚ್ ಆಡಳಿತ 1811ರ ಆಗಸ್ಟ್ 18ರ ಆದೇಶದಿಂದ ಎಲ್ಲರೂ ಸ್ಥಿರ ಮನೆತನದ ಹೆಸರು ಹಿಡಿಯಬೇಕು ಅಂತ ಕಡ್ಡಾಯ ಮಾಡಿತು. ಫ್ರೆಂಚರು ಹೋದದ್ದೇ ತಡ, ಎಷ್ಟೋ ಜನ ಹಳೇ ಪದ್ಧತಿಗೆ ಮರಳಿದರು. 1820ರ ದಶಕದಲ್ಲಿ ಹ್ಯಾನೋವರ್ ಸರ್ಕಾರ ಮತ್ತೆ ಆದೇಶ ಹೊರಡಿಸಬೇಕಾಯಿತು.

ಕೆಲಸಕ್ಕೆ ಬರುವ ಮಾತು: 1780ರಿಂದ 1830ರ ನಡುವೆ ಹುಟ್ಟಿದವರನ್ನು ಕನಿಷ್ಠ ಎರಡು ಹೆಸರಲ್ಲಿ ಹುಡುಕಿ, ತಂದೆಯ ಹೆಸರಿಂದ ಬಂದದ್ದು ಒಂದು, 1811ರಲ್ಲಿ ಹಿಡಿದದ್ದು ಒಂದು. ಅಣ್ಣ ತಮ್ಮಂದಿರು ಬೇರೆ ಬೇರೆ ಮನೆತನದ ಹೆಸರು ಹಿಡಿದಿರಲೂಬಹುದು. 1811-13ರ ನಾಗರಿಕ ಮದುವೆ ಸಿಕ್ಕರೆ ಬಂಗಾರ. ಫ್ರೆಂಚ್ ಕಾನೂನು ವಧೂವರರ ಜನನದ ನಕಲು, ತೀರಿಕೊಂಡ ತಂದೆತಾಯಿಯ ಮರಣದ ನಕಲು ಕೇಳುತ್ತಿತ್ತು. ಆ ಲಗತ್ತುಗಳು ಉಳಿದಿದ್ದರೆ ಒಂದೇ ಕಡತದಲ್ಲಿ ಎರಡು ತಲೆಮಾರು.

ಪಾದ್ರಿಗಳ, ಅಧಿಕಾರಿಗಳ ಮನೆಗಳಲ್ಲಿ ಸ್ಥಿರ ಹೆಸರು ಮೊದಲಿನಿಂದಲೂ ಇರುತ್ತಿತ್ತು. ಹಾಗಾಗಿ ಕಿಟ್ಟೆಲ್ ಮನೆಯವರಿಗೆ ಈ ತಾಪತ್ರಯ ಬರಲಾರದು. ಬರೀ ಹೆಸರಿಂದಲೇ ಸ್ಥಳೀಯ ರೈತ ಮನೆತನವಲ್ಲ ಅಂತ ಊಹಿಸಬಹುದು.

ನಕ್ಷೆಗಾರ:
ಲಿಪಿ, ಭಾಷೆ ಬಗ್ಗೆ ಒಂದೆರಡು ಮಾತು. ಲೂಥರನ್ ಪುಸ್ತಕಗಳು ಜರ್ಮನ್‌ನಲ್ಲಿ, ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹ. ಎಮ್ಡೆನ್ ಕಡೆಯ ರಿಫಾರ್ಮ್ಡ್ ಸಭೆಗಳಲ್ಲಿ 19ನೇ ಶತಮಾನದವರೆಗೂ ಚರ್ಚಿನ ಭಾಷೆ ಡಚ್, ಪುಸ್ತಕವೂ ಹಾಗೇ. ಕುರೆಂಟ್‌ನಲ್ಲಿ ‘ಇ’ ಮತ್ತು ‘ಎನ್’ ಅಕ್ಷರ ಹೆಚ್ಚುಕಡಿಮೆ ಒಂದೇ ರೀತಿಯ ಎರಡು ಗೀಟು. ‘ಯು’ ಮೇಲೆ ಕೊಂಕು ಹಾಕಿರುತ್ತಾರೆ, ‘ಎಚ್’ ಸಾಲಿನ ಮೇಲೂ ಕೆಳಗೂ ಇಳಿಯುತ್ತೆ. ಮೊದಲು ತಿಂಗಳ ಹೆಸರುಗಳಲ್ಲಿ ಅಕ್ಷರ ಗುರುತು ಹಿಡಿದು, ಆಮೇಲೆ ಅದೇ ಕೈಬರಹದ ವ್ಯಕ್ತಿನಾಮಕ್ಕೆ ಹೋಗಿ. ಫ್ರೆಂಚ್ ಕಾಲ ಅಂದಕೂಡಲೇ ಫ್ರೆಂಚ್ ಕ್ರಾಂತಿಯವರು ತಂದ ಹೊಸ ಪಂಚಾಂಗದ ಹೆದರಿಕೆ ಬೇಡ. ಅದು 1806ರ ಜನವರಿ 1ಕ್ಕೇ ರದ್ದಾಗಿತ್ತು, ಔರಿಶ್ ಫ್ರಾನ್ಸಿಗೆ ಸೇರಿದ್ದು ಆಮೇಲೆ. ರೈನ್ ನದಿಯ ಎಡದಂಡೆಯ ದಾಖಲೆಗಳಲ್ಲಿ ಮಾತ್ರ ಅದು ಸಿಗುತ್ತೆ.

ಉತ್ತರದಂಡೆ:
ಜೌಗಿನ ಹೊಸ ಊರುಗಳೂ ಒಂದು ಬಲೆ. 1765ರ ಜುಲೈ 22ರಂದು ಫ್ರೆಡರಿಕ್ ಪಾಳು ಜೌಗನ್ನು ಸರ್ಕಾರಿ ಭೂಮಿ ಅಂತ ಘೋಷಿಸಿ, ಸಾಗುವಳಿ ಮಾಡುವವರಿಗೆ ಕೊಡಲು ಶುರುಮಾಡಿದ. ಹೀಗೆ ಎದ್ದ ಕಾಲೊನಿಗಳಿಗೆ ವರ್ಷಗಟ್ಟಲೆ ಸ್ವಂತ ಚರ್ಚ್ ಇರಲಿಲ್ಲ. 1767ರಲ್ಲಿ ಎದ್ದ ಮೋರ್‌ಡೋರ್ಫ್‌ನವರ ದೀಕ್ಷಾಸ್ನಾನ ನೆರೆಯ ವಿಕ್ಟೋರ್ಬುರ್ ಚರ್ಚಿನ ಪುಸ್ತಕದಲ್ಲಿ. ಕಾಲೊನಿ ಹೆಸರಿನಲ್ಲಿ ಪುಸ್ತಕವಿಲ್ಲ ಅಂದರೆ ತಾಯಿ ಸಭೆ ಯಾವುದು ಅಂತ ನೋಡಿ. ಮಣ್ಣು ಸುಟ್ಟು ಬಕ್‌ವೀಟ್ ಎಂಬ ಧಾನ್ಯ ಬಿತ್ತುತ್ತಿದ್ದ ಆ ಜಾಗಗಳು ಕೆಲವೇ ವರ್ಷಕ್ಕೆ ಸತ್ವ ಕಳೆದುಕೊಳ್ಳುತ್ತಿದ್ದವು, ಬಡತನ ತಲೆಮಾರುಗಟ್ಟಲೆ ಕಾಡಿತು. 19ನೇ ಶತಮಾನದಲ್ಲಿ ಅಮೆರಿಕದ ಇಲಿನಾಯ್, ಅಯೋವಾ ಕಡೆ ವಲಸೆ ಹೋದವರಲ್ಲಿ ಓಸ್ಟ್‌ಫ್ರೀಸ್‌ಲಾಂಡ್‌ನವರು ಬಹಳ. ಇಂದು ಔರಿಶ್ ಪತ್ರಾಗಾರಕ್ಕೆ ಪ್ರಶ್ನೆ ಕಳಿಸುವವರಲ್ಲಿ ಅವರ ಮರಿಮಕ್ಕಳೂ ಇರುತ್ತಾರೆ.

ಊರಿನ ಕುಟುಂಬಗಳನ್ನೆಲ್ಲ ಚರ್ಚ್ ಪುಸ್ತಕದಿಂದ ಜೋಡಿಸಿದ ‘ಊರ ವಂಶಪುಸ್ತಕ’ಗಳನ್ನು ಔರಿಶ್‌ನ ಉಪ್‌ಸ್ಟಾಲ್ಸ್‌ಬೂಮ್ ಸಂಘ ಹೊರತರುತ್ತದೆ. ನಿಮ್ಮ ಸಭೆಯದ್ದು ಬಂದಿದ್ದರೆ ಕುರೆಂಟ್ ಓದುವ ಶ್ರಮ ಮುಕ್ಕಾಲು ಉಳಿಯಿತು. ಆದರೂ ಮೂಲ ಪುಟ ಒಮ್ಮೆ ನೋಡಲೇಬೇಕು, ಸಂಕಲನದಲ್ಲಿ ಸಾಕ್ಷಿಗಳ ಹೆಸರು ಬಿಟ್ಟಿರುತ್ತಾರೆ.

ಓಲೆಗರಿ:
ಇದೇ ಪಾಠ ನಮ್ಮ ಕಡೆಗೂ ಹೊಂದುತ್ತೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಬೊಂಬಾಯಿಗೆ ಹೋಯಿತು. ಶಿರಸಿಯ 1850ರ ಕಡತ ಬೊಂಬಾಯಿ ಸಂಗ್ರಹದಲ್ಲಿ ಹುಡುಕಿದರೆ ಮುಗಿಯಿತು ಕಥೆ. ಕಿಟ್ಟೆಲ್ ಕೆಲಸ ಮಾಡಿದ ಧಾರವಾಡ ಬೊಂಬಾಯಿಗೆ, ಮಂಗಳೂರು ಮದ್ರಾಸಿಗೆ, ಮಡಿಕೇರಿ ಕೊಡಗಿನ ಪ್ರತ್ಯೇಕ ಆಡಳಿತಕ್ಕೆ. ಅವರ ಬದುಕಿನ ಎರಡೂ ತುದಿಯಲ್ಲಿ ಗಡಿಯದೇ ಕಾಟ.

ಹಳೆಕಡತ:
ಅದಕ್ಕೇ ಮಿಶನ್ ದಾಖಲೆಗಳು ಅನುಕೂಲ. ಬಾಸೆಲ್‌ನ ಪತ್ರಾಗಾರದಲ್ಲಿ ಪ್ರತಿ ಮಿಶನರಿಗೂ ‘ಸಹೋದರರ ಪಟ್ಟಿ’ಯ ಒಂದು ಕ್ರಮಸಂಖ್ಯೆ, ಅಂದರೆ ಬಿವಿ ಸಂಖ್ಯೆ ಇದೆ. ಸರ್ಕಾರ ಯಾವುದೇ ಆಗಲಿ ಆ ಸಂಖ್ಯೆ ಬದಲಾಗುವುದಿಲ್ಲ. ಹುಟ್ಟೂರಿನ ವಿವರ ತಾಳೆ ನೋಡಲು ಮೊದಲು ಅಲ್ಲಿ, ಆಮೇಲೆ ಸಭೆಯ ಪುಸ್ತಕ.

ಪದಪಂಕ್ತಿ:
ಟಿಪ್ಪಣಿ ಹೀಗೆ ಇಡಬಹುದೇ: ‘ರೆಸ್ಟರ್‌ಹಾಫೆ, ಡೋರ್ನುಮ್ ಹತ್ತಿರ, ಓಸ್ಟ್‌ಫ್ರೀಸ್‌ಲಾಂಡ್, ಆಗ ಹ್ಯಾನೋವರ್ ರಾಜ್ಯದ ಔರಿಶ್ ಲಾಂಡ್‌ಡ್ರೋಸ್ಟೈ, ಈಗ ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದ ಔರಿಶ್ ಜಿಲ್ಲೆ.’ ನೋರ್ಡೆನ್ ಬಿಟ್ಟಿದ್ದೇನೆ.

ನಕ್ಷೆಗಾರ:
ಸರಿಯಾಗಿದೆ. ನೋರ್ಡೆನ್ ಬಿಟ್ಟದ್ದೇ ಒಳ್ಳೆಯದು.

ಉತ್ತರದಂಡೆ:
ನನ್ನ ಮಟ್ಟಿಗೆ ಬಿಡಬಾರದು. 1885ರಿಂದ 1977ರವರೆಗಿನ ಯಾವ ಮುದ್ರಿತ ಗ್ರಂಥ ತೆಗೆದರೂ ಓದುಗನಿಗೆ ನೋರ್ಡೆನ್ ಎದುರಾಗುತ್ತೆ. ‘1885-1977 ನೋರ್ಡೆನ್ ಜಿಲ್ಲೆ’ ಅಂತ ಮೂರು ಪದ ಸೇರಿಸಿದರೆ ಆ ಗ್ರಂಥಗಳೂ ಈ ಟಿಪ್ಪಣಿಯೂ ಜಗಳವಾಡುವುದಿಲ್ಲ.

ಪದಪಂಕ್ತಿ:
ಸೇರಿಸುತ್ತೇನೆ. ಮರಣಸ್ಥಳ ಟ್ಯೂಬಿಂಗನ್, 1903. ಅದಕ್ಕೂ ಇದೇ ಸೂತ್ರ ಹಾಕಿ ‘ಟ್ಯೂಬಿಂಗನ್ ಕ್ರೈಸ್’ ಅನ್ನಲೇ?

ಹಳೆಕಡತ:
ಬೇಡ. ಅದು ವ್ಯುರ್ಟೆಂಬೆರ್ಗ್ ರಾಜ್ಯ, ಅಲ್ಲಿ ಮಟ್ಟಗಳು ತಲೆಕೆಳಗು. 1924ರವರೆಗೆ ಅಲ್ಲಿ ‘ಕ್ರೈಸ್’ ಅಂದರೆ ಮೇಲಿನ ವಿಭಾಗ, ರಾಜ್ಯಕ್ಕೆಲ್ಲ ನಾಲ್ಕೇ ಇದ್ದವು. ಕೆಳಗಿನ ಜಿಲ್ಲೆಗೆ ‘ಓಬರ್‌ಆಮ್ಟ್’. 1903ಕ್ಕೆ ಬರೆಯಬೇಕಾದ್ದು: ವ್ಯುರ್ಟೆಂಬೆರ್ಗ್ ರಾಜ್ಯ, ಶ್ವಾರ್ಟ್ಸ್‌ವಾಲ್ಡ್ ಕ್ರೈಸ್, ಟ್ಯೂಬಿಂಗನ್ ಓಬರ್‌ಆಮ್ಟ್. ಮರಣದ ನೋಂದಣಿ ಸ್ಟಾಂಡೆಸ್‌ಆಮ್ಟ್‌ನದ್ದು, 30 ವರ್ಷದ ಗಡುವು ಎಂದೋ ಮುಗಿದಿದೆ, ಹಾಗಾಗಿ ಟ್ಯೂಬಿಂಗನ್ ನಗರದ ಪತ್ರಾಗಾರಕ್ಕೆ ಬರೆಯಿರಿ. ಪುಸ್ತಿಕೆಯಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಕೂಡ ಬರುವುದಾದರೆ ಅವರದ್ದೂ ವ್ಯುರ್ಟೆಂಬೆರ್ಗೇ, ಹುಟ್ಟು 1811, ಬ್ರಾಕನ್‌ಹೈಮ್. ಅಲ್ಲಿ 1808ರಿಂದ ಸಭಾಪಾಲಕರು ಇಟ್ಟ ‘ಕುಟುಂಬ ನೋಂದಣಿ’ ಇದೆ, ಒಂದೇ ಪುಟದಲ್ಲಿ ತಂದೆ, ತಾಯಿ, ಮಕ್ಕಳೆಲ್ಲ. ಔರಿಶ್ ಕಡೆ ಆ ಸೌಲಭ್ಯವಿಲ್ಲ. ಪತ್ರ ಬರೆಯುವಾಗ ದೀಕ್ಷಾಸ್ನಾನದ ಪುಟದ ಜೊತೆ ಅದನ್ನೂ ಕೇಳಿ.